ಕರುಳಿನೊಳಗಣ ನೋಟ

ಯಾದಗಿರಿ, ಶಹಾಪುರ, ಸುರಪುರಗಳ ಕಡೆ ಮಲದೊಡನೆ ನೆತ್ತರು ಕಂಡಿತೆಂದರೆ ‘ಮೂಲವ್ಯಾಧಿ’ ಎಂದು ಮನೆಯವರೇ ತೀರ್ಮಾನಿಸಿಬಿಡುವುದುಂಟು. ನಾಚಿಕೆಯಿಂದ ಮಾತು ಅಲ್ಲಿಗೇ ನಿಲ್ಲುತ್ತದೆ. ಹಲವರ ಪಾಲಿಗೆ ಆ ತೀರ್ಮಾನ ಸರಿಯೇ ಇದ್ದೀತು. ಆದರೆ ದೊಡ್ಡ ಕರುಳಿನ ಕ್ಯಾನ್ಸರಿನ ಮೊದಲ ಸುಳಿವೂ ಅದೇ ನೆತ್ತರಾಗಿರಬಹುದು. ಯಾವುದೆಂದು ತಿಳಿಯಬೇಕಾದರೆ ಒಳಗೆ ನೋಡಬೇಕು. ಹಾಗೆ ನೋಡಲು ಮನುಷ್ಯನು ಪಟ್ಟ ಪಾಡಿಗೆ ದೀರ್ಘವಾದ ಚರಿತ್ರೆಯಿದೆ.

ಸುಶ್ರುತಸಂಹಿತೆಯಲ್ಲಿ ಅರ್ಶೋಯಂತ್ರವೆಂಬ ಉಪಕರಣದ ವರ್ಣನೆ ಬರುತ್ತದೆ. ಅದು ಹಸುವಿನ ಮೊಲೆಯ ಆಕಾರದ ಕೊಳವೆ. ನೋಡುವುದಕ್ಕೆ ಒಂದು ಬಗೆ, ಚಿಕಿತ್ಸೆಗೆ ಇನ್ನೊಂದು ಬಗೆ. ಗಂಡಸರಿಗೆ ಬಳಸುವುದರ ಉದ್ದ ನಾಲ್ಕು ಅಂಗುಲ. ದೊಡ್ಡ ಕರುಳಿನ ಉದ್ದವಾದರೋ ಸುಮಾರು ಐದು ಅಡಿ. ನಾಲ್ಕು ಅಂಗುಲದಾಚೆಯ ಕತ್ತಲೆಯು ಶತಮಾನಗಳ ಕಾಲ ಕತ್ತಲೆಯಾಗಿಯೇ ಉಳಿಯಿತು.

1864ರಲ್ಲಿ ಹಾಲೆಂಡಿನ ವಾನ್ ಡೀನ್ ಎಂಬ ವಿದ್ವಾಂಸನು ಗ್ವಾಯಕ್ ಮರದ ಅಂಟಿನಿಂದ ರಕ್ತವನ್ನು ಪತ್ತೆಹಚ್ಚುವ ವಿಧಾನವನ್ನು ತಿಳಿಸಿದನು; ರಕ್ತವಿದ್ದರೆ ನೀಲಿ ಬಣ್ಣ ಮೂಡುವುದು. 1967ರಲ್ಲಿ ಅಮೆರಿಕದ ಗ್ರೀಗರ್ ಎಂಬ ವೈದ್ಯರು ಇದನ್ನೇ ಆಧರಿಸಿ, ಕಣ್ಣಿಗೆ ಕಾಣದಷ್ಟು ರಕ್ತವೂ ಮಲದಲ್ಲಿ ಸಿಕ್ಕಿಬೀಳುವಂತೆ ಕಾಗದದ ಪರೀಕ್ಷೆಯನ್ನು ಪ್ರಕಟಿಸಿದರು. 1969ರಲ್ಲಿ ನ್ಯೂಯಾರ್ಕಿನ ವುಲ್ಫ್ ಮತ್ತು ಶಿನ್ಯಾ ಎಂಬವರು ಬಾಗುವ ದರ್ಶಕದ ಮೂಲಕ ತಂತಿಯ ಕುಣಿಕೆಯನ್ನು ತೂರಿಸಿ, ಹೊಟ್ಟೆಯನ್ನು ಕೊಯ್ಯದೆಯೇ ಕರುಳಿನ ಗಂಟನ್ನು ಕತ್ತರಿಸಿ ತೆಗೆದರು.

ಇದರ ಮಹತ್ವ ದೊಡ್ಡದು. ಈ ಕ್ಯಾನ್ಸರು ಬಹುಮಟ್ಟಿಗೆ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಹುಟ್ಟಿ, ಬಲಿಯಲು ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ತೆಗೆದುಕೊಳ್ಳುತ್ತದೆ. ಗಂಟನ್ನು ತೆಗೆದರೆ ಅದರಿಂದ ಬರುವ ರೋಗವೇ ತಪ್ಪಿತು. ಅಮೆರಿಕದ ಮಿನೆಸೋಟಾದಲ್ಲಿ 46,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಪ್ರತಿವರ್ಷ ಮಲಪರೀಕ್ಷೆಗೆ ಒಳಪಟ್ಟವರಲ್ಲಿ ಈ ರೋಗದ ಸಾವು ಮೂರನೆಯ ಒಂದು ಪಾಲು ಇಳಿದಿತ್ತು.

ನಮ್ಮ ನಾಡಿನಲ್ಲಿ 1973ರಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಸ್ಥಾಪನೆಗೊಂಡಿತು; ಕಲಬುರಗಿಯಲ್ಲಿ ಅದರ ಶಾಖೆಯೂ ಇದೆ. ಪಾಶ್ಚಾತ್ಯ ದೇಶಗಳಷ್ಟು ಈ ರೋಗ ನಮ್ಮಲ್ಲಿಲ್ಲ. ಆದಕಾರಣ ಸರ್ಕಾರದ ತಪಾಸಣಾ ಕಾರ್ಯಕ್ರಮವು ಬಾಯಿ, ಸ್ತನ, ಗರ್ಭಕಂಠಗಳ ಕ್ಯಾನ್ಸರನ್ನಷ್ಟೇ ಅರಸುತ್ತದೆ. ಕರುಳಿನ ವಿಷಯದಲ್ಲಿ ನಾವೇ ಎಚ್ಚರವಹಿಸಬೇಕು.

1971ರಲ್ಲಿ ಬರ್ಕಿಟ್ ಎಂಬ ವೈದ್ಯರು, ನಾರಿನ ಆಹಾರ ಉಣ್ಣುವ ಆಫ್ರಿಕದ ಹಳ್ಳಿಗರಲ್ಲಿ ಈ ರೋಗ ವಿರಳವೆಂಬುದನ್ನು ಎತ್ತಿ ತೋರಿಸಿದರು. ನಾರು ಹಿತಕರವೆಂದು ಮುಂದಿನ ಅಧ್ಯಯನಗಳೂ ಹೇಳಿವೆ. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯಗಳ ನಮ್ಮ ಊಟವನ್ನು ಬಿಡುವುದು ಜಾಣತನವಲ್ಲ. ಬಿಡಬೇಕಾದದ್ದು ತಂಬಾಕು ಮತ್ತು ಮದ್ಯ.

ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ: ಇವು ಕಂಡರೆ ವೈದ್ಯರಲ್ಲಿಗೆ ಹೋಗತಕ್ಕದ್ದು. ತಂದೆತಾಯಿ, ಒಡಹುಟ್ಟಿದವರಿಗೆ ಈ ರೋಗ ಬಂದಿದ್ದರೆ ಲಕ್ಷಣವಿಲ್ಲದಿದ್ದರೂ ನಲವತ್ತನೆಯ ವಯಸ್ಸಿಗೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗ, ವೈದ್ಯರನ್ನು ಕೇಳಿ ಪರೀಕ್ಷಿಸಿಕೊಳ್ಳುವುದು ಲೇಸು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?