ಕೊಪ್ಪಳ ಸೀಮೆಯಲ್ಲಿ ನೆಲ-ಜಲಗಳ ವಿದ್ಯೆ

ತುಂಗಭದ್ರಾ ನದಿಯ ಎಡದಂಡೆಯಿಂದ ಬಡಗಣಕ್ಕೆ ಹಬ್ಬಿರುವ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯು 1997ನೆಯ ಇಸವಿಯಲ್ಲಿ ರಾಯಚೂರಿನಿಂದ ಬೇರ್ಪಟ್ಟು ಒಂದು ಜಿಲ್ಲೆಯಾಯಿತು. ಇವುಗಳಲ್ಲಿ ಗಂಗಾವತಿಯು ಕಾಲುವೆಯ ನೀರನ್ನುಂಡು ಭತ್ತವನ್ನು ಬೆಳೆಯುವುದು. ಕುಷ್ಟಗಿ ಯಲಬುರ್ಗಾಗಳ ಎರೆಹೊಲಗಳಾದರೋ ಬಹುಮಟ್ಟಿಗೆ ಮುಗಿಲನ್ನೇ ನೋಡುತ್ತಿರುವುವು. ಒಂದೇ ಜಿಲ್ಲೆಯೊಳಗೆ ನೀರು ಹೆಚ್ಚಿ ಕೆಟ್ಟ ನೆಲವೂ ಉಂಟು, ನೀರಿಲ್ಲದೆ ಬಳಲಿದ ನೆಲವೂ ಉಂಟು. ಇಂತಹ ನಾಡಿನಲ್ಲಿ ಮಣ್ಣು, ನೀರು, ಗಿಡಮರಗಳ ಅರಿವನ್ನು ಎಳೆಯರಿಗೆ ಯಾರು, ಯಾವ ಬಗೆಯಿಂದ ಕಲಿಸುತ್ತ ಬಂದರೆಂಬುದು ವಿಚಾರಿಸತಕ್ಕ ವಿಷಯವಾಗಿದೆ.

ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಹತ್ತಿರದ ಪಾಲ್ಕಿಗುಂಡಿನ ಮೇಲೂ ಅಶೋಕ ಚಕ್ರವರ್ತಿಯ ಶಾಸನಗಳಿರುವುದು 1931ರಲ್ಲಿ ಬೆಳಕಿಗೆ ಬಂದಿತು. ದಾರಿಗಳಲ್ಲಿ ಮರಗಳನ್ನು ನೆಡಿಸಿ ಬಾವಿಗಳನ್ನು ತೋಡಿಸಿದ ಸಂಗತಿಯನ್ನು ಆ ಅರಸನು ಗಿರಿನಾರವೇ ಮೊದಲಾದ ಬೇರೆ ಎಡೆಗಳ ಶಾಸನಗಳಲ್ಲಿ ಬರೆಯಿಸಿದ್ದಾನೆ. ಕೊಪ್ಪಳದ ಬಂಡೆಗಳಲ್ಲಿ ಆ ಮಾತಿಲ್ಲ. ಆದರೆ ಸಾಧನೆಯ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಉದ್ಯೋಗಶೀಲನಾದ ಸಣ್ಣವನೂ ಅದನ್ನು ಪಡೆಯಬಲ್ಲನೆಂಬ ಭಾವವು ಇಲ್ಲಿಯ ಶಾಸನದಲ್ಲಿದೆ. ಮಕ್ಕಳ ವಿದ್ಯೆಯನ್ನು ಕುರಿತು ಆಲೋಚಿಸುವವರಿಗೆ ಈ ಮಾತು ಒದಗಿಬರುವಂತಹುದು.

ಮುಂದಿನ ಕಾಲದಲ್ಲಿ ಇಲ್ಲಿಯ ಜನರು ನೀರನ್ನು ಕಟ್ಟಿ ನಿಲ್ಲಿಸುವ ವಿದ್ಯೆಯಲ್ಲಿ ಪರಿಣತರಾದರು. ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಇಟಗಿಯಲ್ಲಿ ಕಟ್ಟಿಸಿದ ಮಹಾದೇವ ದೇವಾಲಯದ ಮಗ್ಗುಲಿಗೇ ಮೆಟ್ಟಿಲುಗಳುಳ್ಳ ಪುಷ್ಕರಿಣಿಯಿದೆ. ವಿಜಯನಗರದ ಅರಸರ ಕಾಲದ ಕಾಲುವೆಗಳು ಆನೆಗೊಂದಿಯ ಸುತ್ತಣ ಗದ್ದೆಗಳಿಗೆ ಇಂದಿಗೂ ನೀರನ್ನೂಡುತ್ತಿವೆ. ಕೆರೆಯಿದ್ದ ಊರಿನಲ್ಲಿ ಬೇಸಗೆಗೆ ನೀರು ಬತ್ತಿದೊಡನೆ ರೈತರು ಬಂಡಿ ಹೂಡಿಕೊಂಡು ಹೋಗಿ ಹೂಳನ್ನು ತೆಗೆದು ಹೊಲಕ್ಕೆ ಹಾಕುತ್ತಿದ್ದರು. ಇದರಿಂದ ಹೊಲಕ್ಕೆ ಗೊಬ್ಬರವಾಯಿತು, ಕೆರೆಗೆ ಆಳವಾಯಿತು. ಬಂಡಿಯ ಹಿಂದೆ ಕುಳಿತು ಹೋದ ಹುಡುಗನಿಗೆ ಅದೇ ಪಾಠವಾಯಿತು.

ಅಕ್ಷರವಿದ್ಯೆಯು ಆ ಕಾಲದಲ್ಲಿ ಮಠಗಳಲ್ಲಿಯೂ ಅಯ್ಯಗಳ ಜಗುಲಿಗಳಲ್ಲಿಯೂ ನಡೆಯುತ್ತಿದ್ದಿತು. ಮಕ್ಕಳು ಉಸುಕಿನ ಮೇಲೆ ಬೆರಳಾಡಿಸಿ ಓಂ ನಾಮವನ್ನು ತಿದ್ದುತ್ತಿದ್ದರು. ಅಕ್ಷರ ಕಲಿಯದ ಎಳೆಯರಿಗೂ ಬೇರೊಂದು ಶಾಲೆಯಿದ್ದಿತು. ಅದು ಹಬ್ಬಗಳ ಶಾಲೆ. ಜ್ಯೇಷ್ಠ ಮಾಸದ ಕೊನೆಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮಕ್ಕಳು ಎರೆಮಣ್ಣನ್ನು ತಂದು, ನಾದಿ, ಎತ್ತುಗಳನ್ನು ಮಾಡಿ ಪೂಜಿಸುವರು. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನಿಂದ ಗುಳ್ಳವ್ವನನ್ನು ಮಾಡಿ ಕೂಡಿಸುವರು. ಸೀಗಿ ಹುಣ್ಣಿವೆಗೂ ಎಳ್ಳಮಾವಾಸ್ಯೆಗೂ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವರು; ತಾವುಣ್ಣುವ ಮೊದಲು ನೆಲಕ್ಕೆ ಉಣಿಸುವುದೇ ಇದರ ತಾತ್ಪರ್ಯ. ಯಾವ ಮಣ್ಣು ಜಿಗುಟು, ಯಾವ ಮಣ್ಣು ಸವುಳು, ಮುಂಗಾರು ಎತ್ತಣಿಂದ ಏರುವುದು ಎಂಬುದನ್ನು ನಾಲ್ಕೈದು ವರ್ಷದ ಕೂಸು ಆಟದಲ್ಲಿಯೇ ಅರಿಯುತ್ತಿದ್ದಿತು. ಇಂದಿನ ಶಿಶುವಿಹಾರಗಳಲ್ಲಿ ಕೈಯಿಂದ ಮಾಡಿ ಕಲಿಯಬೇಕೆಂದು ಪಂಡಿತರು ಹೇಳುವುದು ಇದನ್ನೇ ಅಲ್ಲವೆ?

ಆದರೂ ಹಿಂದಿನದೆಲ್ಲವೂ ಸುವರ್ಣವೆಂದು ಭ್ರಮಿಸಲಾಗದು. ಜಗುಲಿಯ ಶಾಲೆಯು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲ. ಹೆಣ್ಣುಮಕ್ಕಳಿಗಂತೂ ಬಹುಮಟ್ಟಿಗೆ ಮುಚ್ಚಿಯೇ ಇದ್ದಿತು. ಊರ ಬಾವಿಯೂ ಎಲ್ಲರಿಗೆ ಸಮಾನವಾಗಿರಲಿಲ್ಲ. ನೀರನ್ನು ಪೂಜಿಸಿದ ಜನರೇ ನೆರೆಯವನಿಗೆ ನೀರನ್ನು ನಿರಾಕರಿಸಿದ್ದುಂಟು. ಆದುದರಿಂದ ಹಳೆಯ ವಿದ್ಯೆಯಲ್ಲಿ ಕೈಗೆ ದೊರೆತ ಅರಿವನ್ನು ಉಳಿಸಿಕೊಂಡು ಅದರ ಸಂಕೋಚವನ್ನು ಕಳೆಯತಕ್ಕದ್ದು.

ನಿಜಾಮರ ಆಳಿಕೆಯಲ್ಲಿ ಈ ಸೀಮೆಯು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದು, ಕೊಪ್ಪಳವು ಸಾಲಾರಜಂಗರ ಜಹಗೀರಾಗಿದ್ದಿತು. ಸರಕಾರಿ ವಿದ್ಯಾಭ್ಯಾಸದಲ್ಲಿ ಉರ್ದುವಿಗೆ ಪ್ರಾಧಾನ್ಯವಿದ್ದುದರಿಂದ, ಮನೆಯ ಮಾತಿನಲ್ಲಿ ಕಲಿತ ಬೆಳೆ, ಮಳೆ, ಮಣ್ಣುಗಳ ಹೆಸರುಗಳಿಗೆ ಆ ಶಾಲೆಯೊಳಗೆ ಎಡೆ ದೊರೆಯುವುದು ಕಷ್ಟವಾಯಿತು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ಕೂಡಿ, 1956ರ ನವೆಂಬರ್ 1ರಂದು ಈ ಸೀಮೆಯು ಕನ್ನಡ ರಾಜ್ಯದೊಡನೆ ಒಂದಾದ ಬಳಿಕ ಆ ತೊಡಕು ನೀಗಿತು.

ಇದೇ ನಡುವೆ ಇನ್ನೊಂದು ಮಹತ್ತಾದ ಮಾರ್ಪಾಡಾಯಿತು. 1945ರ ಫೆಬ್ರವರಿಯಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಆಣೆಕಟ್ಟಿನ ಅಡಿಗಲ್ಲುಗಳನ್ನಿರಿಸಿ, 1953ರ ಹೊತ್ತಿಗೆ ನೀರನ್ನು ನಿಲ್ಲಿಸಿದರು. ಗಂಗಾವತಿಯು ಭತ್ತದ ಕಣಜವೆನಿಸಿತು. ಆದರೆ ಕಾಲುವೆಯ ನೀರನ್ನು ಮಿತಿಯರಿಯದೆ ಹಾಯಿಸಿದ ಹೊಲಗಳಲ್ಲಿ ಜವುಳು ಏರಿ, ಸವುಳು ಹುಟ್ಟಿತು. ಗಂಗಾವತಿಯ ಕೃಷಿ ಸಂಶೋಧನ ಕೇಂದ್ರವು ಇಂತಹ ನೆಲಗಳ ಚಿಕಿತ್ಸೆಯನ್ನೇ ಒಂದು ಮುಖ್ಯ ಕಾರ್ಯವನ್ನಾಗಿ ಇಟ್ಟುಕೊಂಡಿದೆ. ಜಲಾಶಯದ ಸ್ಥಿತಿಯನ್ನೂ ನೋಡಬೇಕು. ನೂರು ಕೋಟಿ ಘನ ಅಡಿಯನ್ನು ಒಂದು ಟಿ.ಎಂ.ಸಿ.ಯೆಂದು ಹಿಡಿದರೆ, ಮೊದಲು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಊರ ಕೆರೆಯ ಹೂಳನ್ನು ಬಂಡಿಗಳು ಹೊತ್ತವು. ಈ ಹೂಳನ್ನು ಹೊರಬಲ್ಲ ಬಂಡಿ ಯಾವುದು? 2024ರ ಆಗಸ್ಟ್ 10ರ ರಾತ್ರಿ ಆಣೆಕಟ್ಟಿನ 19ನೆಯ ಬಾಗಿಲಿನ ಸರಪಳಿ ಹರಿದು, ಬಾಗಿಲು ಕೊಚ್ಚಿಹೋಗಿ, ಕೂಡಿಟ್ಟ ನೀರು ಹರಿದುಹೋದಾಗ, ದೊಡ್ಡ ಕಟ್ಟಡಕ್ಕೂ ಎಚ್ಚರಿಕೆಯ ಆರೈಕೆ ಬೇಕೆಂಬುದು ಎಲ್ಲರಿಗೆ ಮನದಟ್ಟಾಯಿತು.

ಇನ್ನು ಶಾಲೆಯ ಪಾಠದ ಇತಿಹಾಸವನ್ನು ನೋಡೋಣ. 1972ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಕೂಡಿದ ರಾಷ್ಟ್ರಗಳ ಸಮ್ಮೇಳನದ ತರುವಾಯ ಪರಿಸರವೆಂಬ ಮಾತು ಲೋಕದ ವಿದ್ಯಾಭ್ಯಾಸದಲ್ಲಿ ಬೇರೂರಿತು. ಭಾರತದ ಸಂವಿಧಾನಕ್ಕೆ 1976ರಲ್ಲಾದ 42ನೆಯ ತಿದ್ದುಪಡಿಯು ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದನ್ನು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ಸಾರಿತು. 1975ರಲ್ಲಿ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಕ್ರಮೇಣ ಹಳ್ಳಿಹಳ್ಳಿಗೂ ಬಂದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಪರಿಸರ ಪ್ರಜ್ಞೆಯು ಎಲ್ಲ ವಯಸ್ಸಿನವರಿಗೂ ಬೇಕೆಂದಿತು. 1991ರ ನವೆಂಬರ್ 22ರಂದು ಎಂ. ಸಿ. ಮೆಹತಾ ಎಂಬ ನ್ಯಾಯವಾದಿಗಳು ಹೂಡಿದ್ದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪಾಠವನ್ನು ಶಾಲೆ-ಕಾಲೇಜುಗಳಲ್ಲಿ ಕಡ್ಡಾಯ ಮಾಡಬೇಕೆಂದು ಆಜ್ಞಾಪಿಸಿತು. 2003ರಲ್ಲಿ ಅದನ್ನು ಮತ್ತೆ ಬಲಪಡಿಸಿತು. ಹೀಗೆ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಲ್ಲಿ ಪರಿಸರ ಅಧ್ಯಯನವೆಂಬ ಪುಸ್ತಕವು ನೆಲೆಗೊಂಡಿತು; ಶಾಲೆಗಳಲ್ಲಿ ಪರಿಸರ ಸಂಘಗಳೂ ಹುಟ್ಟಿದವು.

ಪುಸ್ತಕವು ಬಂದುದು ಒಳಿತೇ ಸರಿ; ಹಿಂದೆ ಹೊರಗುಳಿದಿದ್ದ ಮಕ್ಕಳ ಕೈಗೂ ಅದು ದೊರೆಯಿತು. ಆದರೆ ಪುಸ್ತಕವು ಬರುವಾಗ ಬಂಡಿಯೂ ಹೂಳೂ ಶಾಲೆಯ ಹೊರಗೇ ಉಳಿದುವು. ಜಲಮಾಲಿನ್ಯದ ಕಾರಣಗಳನ್ನು ಒಪ್ಪವಾಗಿ ಬರೆದು ಪೂರ್ಣ ಗುಣಗಳನ್ನು ಪಡೆದ ವಿದ್ಯಾರ್ಥಿಯು ಮನೆಗೆ ಹೋಗುವ ದಾರಿಯಲ್ಲಿ ಹೊಲಸು ತುಂಬಿದ ಹಳ್ಳವನ್ನು ದಾಟುವನು. ಪಾಠಕ್ಕೂ ಹಳ್ಳಕ್ಕೂ ಸಂಬಂಧವಿದೆಯೆಂದು ಅವನಿಗೆ ತೋರದು. ಕೈಗೆ ಬಾರದ ಅರಿವು ಪರೀಕ್ಷೆಯ ಮರುದಿನವೇ ಮರೆಯುವುದು.

ಈ ಕೊರತೆಯನ್ನು ತುಂಬಿದ ಪ್ರಯತ್ನಗಳಲ್ಲಿ ಕೊಪ್ಪಳದ ಹಿರೇಹಳ್ಳದ ಕಾರ್ಯವು ಸ್ಮರಣೀಯವಾದುದು. ತುಂಗಭದ್ರೆಯನ್ನು ಸೇರುವ ಈ ಹಳ್ಳವು ಜಾಲಿ, ಆಪು, ಕಸಗಳಿಂದ ಮುಚ್ಚಿಹೋಗಿದ್ದಿತು. 2019ರಲ್ಲಿ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳವರು ತಾವೇ ಹಳ್ಳಕ್ಕಿಳಿದರು. ಅವರನ್ನು ಕಂಡು ರೈತರು, ವರ್ತಕರು, ನೌಕರರು, ವಿದ್ಯಾರ್ಥಿಗಳು ಕೂಡಿಕೊಂಡು, ಇಪ್ಪತ್ತು ಕಿಲೋಮೀಟರಿಗೂ ಮಿಕ್ಕ ಉದ್ದದ ಪಾತ್ರವನ್ನು ಜನರ ಕಾಣಿಕೆಯಿಂದಲೇ ತೆರವು ಮಾಡಿದರು. ಮುಂದೆ ಕುಷ್ಟಗಿಯ ಕಡೆಯ ನಿಡಶೇಸಿ ಕೆರೆ, ಕೊಪ್ಪಳದ ಬಳಿಯ ಗಿಣಿಗೇರಿ ಕೆರೆಗಳ ಹೂಳೆತ್ತುವ ಕಾರ್ಯಗಳೂ ಇದೇ ಬಗೆಯಲ್ಲಿ ನಡೆದುವು. ಗವಿಸಿದ್ಧೇಶ್ವರ ಜಾತ್ರೆಯಲ್ಲಿ ಜಲದೀಕ್ಷೆಯ ಸಂಕಲ್ಪವೂ, 2020ರಲ್ಲಿ ಲಕ್ಷ ವೃಕ್ಷೋತ್ಸವದ ಮೆರವಣಿಗೆಯೂ ಜರುಗಿ, ಶಾಲೆಯ ಮಕ್ಕಳು ಅದರಲ್ಲಿ ಸಾಲುಗಟ್ಟಿ ನಡೆದರು. ದಾಸೋಹವೆಂದರೆ ಅನ್ನವನ್ನಿಕ್ಕುವುದೆಂದು ತಿಳಿದಿದ್ದವರು ನೆಲಕ್ಕೂ ನೀರಿಗೂ ದಾಸೋಹವುಂಟೆಂಬುದನ್ನು ಕಣ್ಣಾರೆ ಕಂಡರು.

ಆದರೆ ಈ ಕಥೆಯು ಮುಗಿದ ಕಥೆಯಲ್ಲ. 2025ರ ಫೆಬ್ರವರಿ 24ರಂದು ಪಟ್ಟಣದ ಮಗ್ಗುಲಲ್ಲಿ ಉಕ್ಕಿನ ಕಾರ್ಖಾನೆಯೊಂದು ವಿಸ್ತಾರಗೊಳ್ಳುವುದನ್ನು ವಿರೋಧಿಸಿ ಕೊಪ್ಪಳವೆಲ್ಲ ಬಂದಾಯಿತು. ಸ್ವಾಮಿಗಳವರೂ ಜನರೊಡನೆ ನಿಂತು ಮಾತನಾಡಿದರು. ಕಾರ್ಖಾನೆಯಲ್ಲಿ ದುಡಿಯುವ ತಂದೆಯ ಅನ್ನವೂ ನಿಜ, ಅದರ ಹೊಗೆಯನ್ನು ಉಸಿರಾಡುವ ಮಗುವಿನ ಕೆಮ್ಮೂ ನಿಜ. ಈ ಎರಡನ್ನೂ ಒಟ್ಟಿಗೆ ತೂಗಿ ನೋಡುವ ವಿವೇಕವನ್ನು ಯಾವ ಪುಸ್ತಕವೂ ಒಂದೇ ಪಾಠದಲ್ಲಿ ಕೊಡಲಾರದು. ಅದು ಎಳವೆಯಿಂದಲೇ ಬೆಳೆಯಬೇಕು.

ಇದಕ್ಕೆ ದೊಡ್ಡ ಹಣವೇನೂ ಬೇಕಿಲ್ಲ. ಅಂಗನವಾಡಿಯ ಕೂಸುಗಳು ಮಣ್ಣೆತ್ತನ್ನು ತಮ್ಮ ಕೈಯಿಂದ ಮಾಡಲಿ. ಸಂತೆಯಿಂದ ಬಣ್ಣದ ಬೊಂಬೆಯನ್ನು ಕೊಂಡು ತಂದರೆ ಹಬ್ಬವಾಗುವುದು, ಪಾಠವಾಗದು. ಪ್ರಾಥಮಿಕ ಶಾಲೆಯವರು ಊರ ಬಾವಿಯ ನೀರು ತಿಂಗಳಿಗೆಷ್ಟು ಇಳಿಯಿತೆಂಬುದನ್ನು ಹಗ್ಗವಿಳಿಸಿ ಅಳೆದು ಗೋಡೆಯ ಮೇಲೆ ಬರೆಯಲಿ. ಹಿರಿಯ ತರಗತಿಯವರು ಬೇಸಗೆಗೊಂದು ದಿನ ತಮ್ಮೂರ ಕೆರೆಗಿಳಿಯಲಿ. ನೆಟ್ಟ ಸಸಿಗೆ ಮೂರು ವರ್ಷ ನೀರೆರೆದವನಿಗೇ ಮರ ನೆಟ್ಟ ಹೆಸರು ಸಲ್ಲಲಿ. ಸಣ್ಣವನ ಉದ್ಯೋಗಕ್ಕೂ ದೊಡ್ಡ ಫಲವುಂಟೆಂದು ಗವಿಮಠದ ಬಂಡೆಯು ಎರಡು ಸಾವಿರ ವರ್ಷಗಳಿಗೂ ಮೇಲಾಗಿ ಹೇಳುತ್ತಲಿದೆ. ಹಿರೇಹಳ್ಳದಲ್ಲಿ ಬುಟ್ಟಿ ಹೊತ್ತ ವಿದ್ಯಾರ್ಥಿಗಳು ಆ ಮಾತನ್ನು ನಿಜ ಮಾಡಿ ತೋರಿದ್ದಾರೆ. ಅವರು ತೆರವು ಮಾಡಿದ ಹಳ್ಳವು ಮತ್ತೆ ಮುಚ್ಚದಂತೆ ನೋಡಿಕೊಳ್ಳುವುದು ಅವರ ಹಿರಿಯರಾದ ಸದ್ಭಕ್ತರೆಲ್ಲರ ಹೊಣೆಯಾಗಿದೆ.