ಸೈನೈಡ್ ದಿಬ್ಬಗಳು, ಕೆಜಿಎಫ್

ಬಂಗಾರಪೇಟೆಯಿಂದ ಕವಲೊಡೆದು ಮಾರಿಕುಪ್ಪಕ್ಕೆ ಹೋಗುವ ರೈಲುಮಾರ್ಗದ ಗಣಿಪಟ್ಟಣದಲ್ಲಿರುವ ತ್ಯಾಜ್ಯದ ರಾಶಿಗಳು. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿಕೊಂಡ ಮೇಲೆ ಉಳಿದ ಈ ಬೂದುಮಣ್ಣಿನಲ್ಲಿ ಹಸಿರು ಹಬ್ಬುವುದು ಕಷ್ಟ. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು.

ಪ್ರಶಾಂತ್ ನೀಲ್ ನಿರ್ದೇಶನದ ‘ಕೆಜಿಎಫ್’ ಚಿತ್ರದ ಹಲವು ದೃಶ್ಯಗಳು ಇಲ್ಲಿ ಚಿತ್ರೀಕರಣಗೊಂಡವು. 2018ರ ಮೊದಲ ಭಾಗದಲ್ಲಿದ್ದ ಯಶ್, ಶ್ರೀನಿಧಿ ಶೆಟ್ಟಿ, ಮಾಳವಿಕಾ ಅವಿನಾಶ್ 2022ರ ಎರಡನೆಯದರಲ್ಲಿ ಮತ್ತೆ ಕೂಡಿದರು. ಆದರೆ ಕಥೆಯ ನಿರೂಪಕರಾಗಿದ್ದ, 1979ರ ಭೂತಚಿತ್ರ ‘ನಾ ನಿನ್ನ ಬಿಡಲಾರೆ’ಯ ನಾಯಕ ಅನಂತ್ ನಾಗ್ ಮರಳಲಿಲ್ಲ, ನಿರೂಪಣೆ ಪ್ರಕಾಶ್ ರಾಜ್ ಪಾಲಾಯಿತು. ಆ ಪರಿಚಿತ ದನಿಯ ಗೈರು ಎರಡನೆಯ ಭಾಗದ ನಿಜವಾದ ಕೊರತೆ. ಚಿತ್ರದ ನರಾಚಿ ಕಲ್ಪಿತ ಊರು. ದಿಬ್ಬಗಳ ದೂಳು ಮಾತ್ರ ಗಾಳಿ ಬೀಸಿದಾಗ ಇಂದಿಗೂ ಗಣಿಕಾರ್ಮಿಕರ ಕಾಲೊನಿಗಳ ಮೇಲೆ ಬೀಳುತ್ತದೆ.