ಕಳ್ಳನ ಪಾತ್ರದಿಂದ ಖಾಕಿ ಟೋಪಿಗೆ

ಪೊಲೀಸ್ ಕಥೆಯ ನಾಯಕನಿಗೆ ಹೆಸರಿಡುವುದು ಸಾಮಾನ್ಯವಾಗಿ ಕಥೆಗಾರನ ಕೆಲಸ. ಆದರೆ 1988ರ ‘ಸಾಂಗ್ಲಿಯಾನ’ ಚಿತ್ರಕ್ಕೆ ಹೆಸರು ಸಿಕ್ಕಿದ್ದು ಆಗ ಕರ್ನಾಟಕದಲ್ಲಿ ಸೇವೆಯಲ್ಲೇ ಇದ್ದ, ಮಿಜೋರಾಂ ಮೂಲದ ಐ.ಪಿ.ಎಸ್. ಅಧಿಕಾರಿ ಎಚ್.ಟಿ. ಸಾಂಗ್ಲಿಯಾನ ಅವರಿಂದ. ಪಿ. ನಂಜುಂಡಪ್ಪ ನಿರ್ದೇಶಿಸಿದ ಆ ಚಿತ್ರದಲ್ಲಿ ಖಾಕಿ ತೊಟ್ಟವರು ಹೊನ್ನಾವರದಲ್ಲಿ ಹುಟ್ಟಿದ ಶಂಕರ್‌ನಾಗ್.

ಇದೇ ಶಂಕರ್ 1980ರಲ್ಲಿ ‘ಮಿಂಚಿನ ಓಟ’ ನಿರ್ದೇಶಿಸಿ, ಅಣ್ಣ ಅನಂತ್‌ನಾಗ್ ಹಾಗೂ ಲೋಕನಾಥ್ ಅವರೊಡನೆ ಕಾರುಗಳ್ಳನಾಗಿ ನಟಿಸಿದ್ದರು. ಅಲ್ಲಿ ಪ್ರೇಕ್ಷಕರ ಮನಸ್ಸೆಲ್ಲ ಓಡುವ ಕಳ್ಳರ ಕಡೆಗೆ. ಎಂಟೇ ವರ್ಷದಲ್ಲಿ ಅದೇ ಪ್ರೇಕ್ಷಕರು ಬೆನ್ನಟ್ಟುವವನಿಗೆ ಶಿಳ್ಳೆ ಹೊಡೆದರು. ಭಟ್ಕಳ, ಹೊನ್ನಾವರ, ಕುಮಟಾದ ಜನರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನೂ ಭಸ್ಮಾಸುರನನ್ನೂ ನಿದ್ದೆಗೆಟ್ಟು ನೋಡಿದ ಊರುಗಳಿವು. ವೇಷ ಯಾವುದೇ ಇರಲಿ, ಕುಣಿತ ಚೆನ್ನಾಗಿರಬೇಕು, ಅಷ್ಟೆ.

ಅನಂತ್ ಅವರ ಬಾಲ್ಯದ ಕೆಲವು ವರ್ಷಗಳು ಕಳೆದದ್ದು ಭಟ್ಕಳ ತಾಲ್ಲೂಕಿನ ಶಿರಾಲಿಯ ಚಿತ್ರಾಪುರ ಮಠದಲ್ಲಿ. ವಿಶೇಷವೆಂದರೆ, ದೂರದರ್ಶನಕ್ಕೆ ಧಾರಾವಾಹಿ ಮಾಡುವ ಅವಕಾಶ ಬಂದಾಗ ಶಂಕರ್ ಪೊಲೀಸ್ ಕಥೆಯ ಹತ್ತಿರವೂ ಸುಳಿಯಲಿಲ್ಲ. ಆಗುಂಬೆಗೆ ಹೋಗಿ ಆರ್.ಕೆ. ನಾರಾಯಣರ ‘ಮಾಲ್ಗುಡಿ ಡೇಸ್’ ಚಿತ್ರಿಸಿದರು. ಬಂದೂಕು, ಬೇಡಿಗಳಿಲ್ಲದ ಆ ಧಾರಾವಾಹಿಯೇ ಅವರ ಹೆಸರನ್ನು ಕನ್ನಡದಾಚೆಗೆ ಒಯ್ದಿತು.

‘ಸಾಂಗ್ಲಿಯಾನ’ದ ಎರಡನೇ ಭಾಗ ಬಂದದ್ದು 1990ರಲ್ಲಿ. ಅದೇ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡು ಬಳಿ ನಡೆದ ಅಪಘಾತದಲ್ಲಿ ಶಂಕರ್ ತೀರಿಕೊಂಡರು. ಮೂರನೇ ಭಾಗದಲ್ಲಿ, 1997ರಲ್ಲಿ, ಆ ಟೋಪಿ ದೇವರಾಜ್ ಅವರ ತಲೆಯೇರಿತು. ನಿಜವಾದ ಸಾಂಗ್ಲಿಯಾನ 2004ರಲ್ಲಿ ಬೆಂಗಳೂರು ಉತ್ತರದಿಂದ ಲೋಕಸಭೆಗೆ ಆರಿಸಿಹೋದರು.